ನಾಳೆಯ ಸಾರಿಗೆ ಇವತ್ತೇ ಸೈನ್

ಫ್ರೆಂಡ್ಸ್, ಇವತ್ತು ನನ್ನ ಮೆಸ್ ಲೀಡರ್ ಪಟ್ಟ ಹೋಯಿತು. ಮುಳಬಾಗಿಲಿನ ನಮ್ಮ ಹಾಸ್ಟೆಲ್‌ನಲ್ಲಿ ಲೀಡರ್ ದಿನಾ ಊಟದ ರುಚಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದು ಸೈನ್ ಮಾಡಬೇಕು. ಸೋಮವಾರ "ಸಾರಿನಲ್ಲಿ ಹುಳ" ಎಂದು ಬರೆದಿದ್ದೆ. ನಾಳೆ ಕೋಲಾರದಿಂದ ಆಫೀಸರ್ ತಪಾಸಣೆಗೆ ಬರುತ್ತಾರೆಂದು ವಾರ್ಡನ್ ಮೇಡಂ ಬೆಳಿಗ್ಗೆಯೇ ಕರೆದರು.

"ಆ ಹಾಳೆ ಹರಿದಾಕಿ, ರುಚಿಯಾಗಿದೆ ಅಂತ ಬೇರೆ ಬರ್ದುಕೊಡಮ್ಮ."

ನಾನು ಕೇಳಿದೆ, "ಹುಳ ಇದ್ದಿದ್ದು ನಿಜ ಅಲ್ವಾ ಮೇಡಂ?"

"ಫಸ್ಟ್ ಇಯರ್‌ಗೇ ಇಷ್ಟು ಬಾಯಾ? ಲೀಡರ್ ಅಂದ್ಮೇಲೆ ಅಡ್ಜಸ್ಟ್ ಮಾಡ್ಕೋಬೇಕು!"

ನಾನು ಬರೆಯಲಿಲ್ಲ. ಹತ್ತೇ ನಿಮಿಷದಲ್ಲಿ ನನ್ನ ರೂಮ್‌ಮೇಟ್ ಲೀಡರ್ ಆದಳು. "ಒಂದು ಸೈನ್‌ಗೆ ಇಷ್ಟು ಸೀನ್ ಬೇಕಿತ್ತೇನೇ?" ಎಂದು ನನಗೇ ಬೈದು, ಹೊಸ ಹಾಳೆಯನ್ನು ಒಂದೇ ಉಸಿರಿಗೆ ತುಂಬಿಸಿದಳು.

ಅವಳ ಸೈನ್ ಪ್ರಕಾರ ನಾಳೆ ಮಧ್ಯಾಹ್ನದ ಸಾರೂ ರುಚಿಯಾಗಿದೆ. ಅದರ ಬೇಳೆ ಇನ್ನೂ ಅಂಗಡಿಯಲ್ಲೇ ಇದೆ.