ಹಾವುಮೀನಿಗೆ ಇಟ್ಟ ವಿಭೂತಿ

ತಿ. ನರಸೀಪುರದ ಸೇತುವೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದಾಗ ಪಾಚಿಯ, ತಣ್ಣನೆಯ ಕಲ್ಲಿನ ವಾಸನೆ ಬಂತು. ಪಕ್ಕದಲ್ಲಿ ಮೀನು ಮಾರುವ ಹೆಂಗಸು ಟಬ್ಬಿನ ಮೇಲಿನ ಗೋಣಿ ಸರಿಸಿದ್ದಳು. ಒಳಗೆ ಒಂದು ಹಾವುಮೀನು ಸುತ್ತಿಕೊಂಡು ಬಿದ್ದಿತ್ತು. ಆ ವಾಸನೆ ನಂಜನಗೂಡಿನ ನಮ್ಮ ಮನೆಯ ಹಿತ್ತಲ ಬಾವಿಯದು. ಆ ಮನೆ ಈಗಿಲ್ಲ. ಬಾವಿಗೆ ಮಣ್ಣು ತುಂಬಿ, ಅದರ ಮೇಲೆ ಮೊಬೈಲ್ ಅಂಗಡಿ ಕಟ್ಟಿದ್ದಾರೆ.

ನಾನು ಚಿಕ್ಕವಳಿದ್ದಾಗ ಒಂದು ಮಳೆಗಾಲ ಕಪಿಲೆ ಉಕ್ಕಿ ನಮ್ಮ ಬೀದಿಗೇ ಬಂದಳು. ನೀರು ಇಳಿದ ಮೇಲೆ ನೋಡಿದರೆ ಬಾವಿಯಲ್ಲಿ ಹಾವುಮೀನು. ನಮ್ಮದು ಮೀನು ಮುಟ್ಟದ ಮನೆ. ಆದರೂ ಅಜ್ಜಿ ಅದನ್ನು ಎತ್ತಿಸಲು ಬಿಡಲಿಲ್ಲ. "ಒಳೆ ಕಳ್ಸಿರೋ ನೆಂಟ್ರು ಕಣ್ರೋ, ಇರ್ಲಿ ಬುಡಿ" ಎಂದಳು. ಅದು ಬಾವಿಯ ಕಲ್ಲುಸಂದಿಯೊಂದನ್ನು ಮನೆ ಮಾಡಿಕೊಂಡಿತು. ಹಗಲೆಲ್ಲ ಕಾಣುತ್ತಿದ್ದುದು ತಲೆ ಮಾತ್ರ. ಕೆಳದವಡೆ ಕೊಂಚ ಮುಂದೆ ಚಾಚಿದ ಬಾಯಿ ತೆರೆದು ಮುಚ್ಚುತ್ತಿತ್ತು. ಸಂಜೆ ನೀರು ಸೇದುವ ಹೊತ್ತಿಗೆ ಹೊರಬಂದರೆ ಕಂದು ಹಳದಿ ಮೈ, ಅದರ ತುಂಬ ಕಪ್ಪು ಮಚ್ಚೆ. ಬೆನ್ನಿನ ಮೇಲೆ ಶುರುವಾದ ರೆಕ್ಕೆ ಬಾಲ ಬಳಸಿ ಹೊಟ್ಟೆಯ ಕೆಳಗಿನವರೆಗೂ ಸೀರೆಯ ಅಂಚಿನಂತೆ ಓಡಿತ್ತು. ಕಪ್ಪೆ, ಹುಳು ಹಿಡಿದು ತಿಂದು ಮತ್ತೆ ಸಂದಿಗೆ ಸೇರುತ್ತಿತ್ತು. ಅಜ್ಜಿ ಬಾವಿಗೆ ಬಗ್ಗಿ ಅದರೊಂದಿಗೆ ಸೊಸೆಯರ ದೂರು ಹೇಳುತ್ತಿದ್ದಳು.

ಮಳೆಗಾಲ ಬಂದರೆ ಮಾತ್ರ ಅದು ಸಂದಿಯಲ್ಲಿ ನಿಲ್ಲುತ್ತಿರಲಿಲ್ಲ. ಗೋಡೆಗೆ ಮೂತಿ ಒತ್ತಿ ಸುತ್ತು ಹಾಕುತ್ತಲೇ ಇರುತ್ತಿತ್ತು. ಪೇಪರಿನಲ್ಲಿ ಏನೋ ಓದಿದ್ದ ಚಿಕ್ಕಪ್ಪ ಒಂದು ದಿನ, "ಮರಿ ಮಾಡಕ್ಕೆ ಇದು ಸಮುದ್ರಕ್ಕೇ ಓಗ್ಬೇಕಂತೆ ಕಣವ್ವ" ಎಂದ. ಅಜ್ಜಿ ಎರಡು ದಿನ ಬಾವಿಯ ಕಡೆ ಹೋಗಲಿಲ್ಲ. ಆಮೇಲೆ, "ಕಳ್ಸ್‌ಬುಡಾನ. ಬದುಕಿದ್ದಂಗೇ ಸೇರ್ಕಬೇಕು ಅಷ್ಟೆ" ಎಂದಳು.

ಚಿಕ್ಕಪ್ಪ ಹಗ್ಗ ಕಟ್ಟಿದ ಕೊಡಪಾನವನ್ನು ಬಾವಿಯಲ್ಲಿ ಮುಳುಗಿಸಿಟ್ಟ. ಕತ್ತಲ ಪೊಟರೆ ಎಂದುಕೊಂಡಿತೋ ಏನೋ, ಮರುದಿನ ಬೆಳಿಗ್ಗೆ ಅದರೊಳಗೆ ಸೇರಿಕೊಂಡಿತ್ತು. ದೂರ ಹೊರಟವರಿಗೆ ನೀರು ಹುಯ್ದು, ಹಣೆಗೆ ವಿಭೂತಿ ಇಟ್ಟು ಕಳಿಸುವುದು ನಮ್ಮ ಮನೆಯ ಪದ್ಧತಿ. ಮೀನಿನ ಹಣೆಯ ಮೇಲೆ ವಿಭೂತಿ ನಿಲ್ಲಲಿಲ್ಲ, ಜಾರಿತು. ಮೈಯೆಲ್ಲ ಲೋಳೆ. "ಈ ಅಂಟಲ್ಲೇ ಕಳ್ಸದಾ?" ಎಂದು ಅಜ್ಜಿ ಹಂಡೆ ಬೆಳಗುವ ಬೂದಿ ತರಿಸಿ, ಜೀವಮಾನದಲ್ಲಿ ಮೊದಲ ಸಲ ಮೀನು ಮುಟ್ಟಿ, ತಲೆಯಿಂದ ಬಾಲದವರೆಗೆ ಉಜ್ಜಿದಳು. "ನಂಗೂ ಇಂಗೆ ಎಂದೂ ಉಜ್ನಿಲ್ವಲ್ಲವ್ವ" ಎಂದು ಚಿಕ್ಕಪ್ಪ ನಕ್ಕ. "ನೀನ್ ಎಲ್ಲಿಗ್ಲಾ ಓಗಿದ್ದೆ?" ಎಂದಳು. ವಿಭೂತಿಯ ಮೂರು ಗೆರೆ ಈಗ ನಿಂತವು. ಹೊಳೆಯಲ್ಲಿ ಬಿಟ್ಟಾಗ ಅದು ಒಮ್ಮೆ ಹೊರಳಿ ಆಳಕ್ಕೆ ಇಳಿಯಿತು. ಬಿಳಿ ಗೆರೆ ಸ್ವಲ್ಪ ಹೊತ್ತು ಕಂಡಿತು.

ಆಮೇಲೆ ಅಜ್ಜಿ ಈ ಸೇತುವೆ ದಾಟುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಒಂದು ಹಿಡಿ ಕಡ್ಲೆಪುರಿ ಎಸೆಯುತ್ತಿದ್ದಳು. "ಇಲ್ಲೇ ಕಾವೇರಿ ಸೇರ್ಕಂಡು ಓಗೈತೆ ಕಣ್ ಮಗ" ಎನ್ನುತ್ತಿದ್ದಳು. ಕೊನೆಯವರೆಗೂ ಹಾಗೇ ನಂಬಿದ್ದಳು. ಅವಳು ಹೋದ ಮೇಲೆ ನಾನೂ ಎಸೆಯುತ್ತ ಬಂದಿದ್ದೆ.

ಸ್ಕೂಟರಿನವನೊಬ್ಬ ಬಂದು ಟಬ್ಬಿನ ಮೀನನ್ನು ಕೊಂಡ. ಹೆಂಗಸು ಡಬ್ಬದ ಬೂದಿಗೆ ಕೈ ಅದ್ದಿ ಅದನ್ನು ಹಿಡಿದಳು. "ಯಾಕವ್ವ ಬೂದಿ?" ಎಂದೆ.

"ಇಲ್ದಿದ್ರೆ ಕೈಗೆ ಸಿಕ್ಕದಾ ಇದು, ನಮ್ಮ ಯಜಮಾನ್ರಂಗೆ" ಎಂದು ಅವಳು ನಕ್ಕಳು. "ಲೋಳೆ ಓಯ್ತು ಅಂದ್ರೆ ಮುಗೀತು ಕಣಕ್ಕ. ಆಮೇಕೆ ನೀರಿಗೆ ಬುಟ್ರೂ ಬದುಕಾಕಿಲ್ಲ."

ಬಸ್ ಬಂತು. ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಸೇತುವೆಯ ಕೆಳಗೆ ನೀರು ನಿಧಾನವಾಗಿ ಹೋಗುತ್ತಿತ್ತು. ಕಡ್ಲೆಪುರಿಯ ಪೊಟ್ಟಣ ಮಡಿಲಲ್ಲಿತ್ತು. ಅದನ್ನು ಬಿಚ್ಚಲಿಲ್ಲ.