ಮನ್ಯಾಗಿನವರನ್ನ ಕರ್ಕೊಂಡು ಬರ್ರಿ

ಬಸ್ಸಿನ ಕುಲುಕಾಟಕ್ಕೆ ಪ್ಲಾಸ್ಟಿಕ್ ಚೀಲ ಒಡೆದು ಮೀನುಗಳು ಯಾರದೋ ಚಪ್ಪಲಿಯ ಕೆಳಗೆ ಹೋಗಬಹುದಿತ್ತು. ಹೊಸ ನೀರು ಒಗ್ಗದೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲಬಹುದಿತ್ತು. ಹಳೆಯ ಮೀನು ಹೊಸಬರ ರೆಕ್ಕೆ ಹರಿಯಬಹುದಿತ್ತು, ಹೊಸಬರೇ ಹಳೆಯದರ ಬಾಲ ಕಚ್ಚಬಹುದಿತ್ತು. ಕರೆಂಟು ಹೋಗಿ ಗಾಳಿಯ ಪಂಪು ನಿಲ್ಲಬಹುದಿತ್ತು. ತೊಟ್ಟಿಯ ಗಾಜು ಸೀಳಿ, ನೀರೆಲ್ಲ ಪಕ್ಕದ ಮನೆಯವರ ತೊಗರಿ ಚೀಲಗಳಿಗೆ ಹರಿದು, ನಾವು ಊರು ಬಿಡಬೇಕಾಗಬಹುದಿತ್ತು.

ಹೋದ ವಾರ ಕಪಾಟು ಒರೆಸುವಾಗ ಮೀನಿನ ಆಹಾರದ ಹಳೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಒಣಸೀಗಡಿಯ ಆ ವಾಸನೆ... ಅದರ ಹಿಂದೆಯೇ ಅಂದಿನ ಭಯಗಳೆಲ್ಲ ಸಾಲಾಗಿ ಬಂದವು. ಅವುಗಳ ಹಿಂದೆ, ಕಲಬುರಗಿ ಕೋಟೆಯ ಕಂದಕದ ಎದುರಿನ ಗಲ್ಲಿಯಲ್ಲಿ ಬಣ್ಣದ ಮೀನು ಮಾರುತ್ತಿದ್ದ ಚಾಚಾ ಬಂದರು. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಚಾಚಾ.

ಆ ವರ್ಷ ಹೆಂಡತಿಗೆ ಕಮಲಾಪುರದ ಶಾಲೆಗೆ ವರ್ಗವಾಗಿ, ಕಲಬುರಗಿಯ ಮನೆ ಬಿಟ್ಟು ಅಲ್ಲಿಗೆ ಹೋಗಿದ್ದೆವು. ನನ್ನ ಕಚೇರಿ ಮಾತ್ರ ಕಲಬುರಗಿಯಲ್ಲೇ ಉಳಿದು ನನಗೆ ದಿನಾ ಬಸ್ಸು. ನಿಜವಾದ ಕಷ್ಟ ಒಂಬತ್ತು ವರ್ಷದ ಮಗಳಿಗೆ. ಹೊಸ ಶಾಲೆಯಲ್ಲಿ ಊಟದ ಡಬ್ಬಿಯನ್ನು ಒಬ್ಬಳೇ ಬಿಚ್ಚುತ್ತಿದ್ದಳು. ಸಂಜೆ ಬಂದು, ಎರಡಡಿ ಉದ್ದದ ಗಾಜಿನ ತೊಟ್ಟಿಯ ಮುಂದೆ ಕೂತು, ಅದರಲ್ಲಿದ್ದ ಒಂದೇ ಒಂದು ಫೈಟರ್ ಮೀನಿಗೆ ದಿನದ ವರದಿ ಒಪ್ಪಿಸುತ್ತಿದ್ದಳು. ಒಂದು ದಿನ ಹೇಳಿದಳು: "ಪಪ್ಪಾ, ಇದಕ್ಕ ದೋಸ್ತರು ಬೇಕು. ಒಬ್ರೇ ಇದ್ರ ಹೆಂಗಿರ್ತದ ಅಂತ ನಿನಗ ಗೊತ್ತಿಲ್ಲ."

ಹೆಸರೇ ಫೈಟರ್ ಎಂದಿರುವ ಮೀನಿಗೆ ಸ್ನೇಹಿತರನ್ನು ಹುಡುಕುವುದೆಂದರೆ... ಅದು ಬಂದವರನ್ನು ಕೊಂದರೂ, ಬಂದವರು ಅದನ್ನು ಕೊಂದರೂ, ಕಮಲಾಪುರದಲ್ಲಿ ಮಗಳು ಬಾಯಿಬಿಡುತ್ತಿದ್ದ ಒಂದೇ ಜಾಗ ಮುಚ್ಚಿದಂತೆ. ಮೂರು ದಿನ ಮೊಬೈಲಿನಲ್ಲಿ ಓದಿ, ಹೆದರಲು ಬೇಕಾದ ಸಾಮಗ್ರಿಯನ್ನೆಲ್ಲ ಕೂಡಿಹಾಕಿಕೊಂಡು ಅಂಗಡಿಗೆ ಹೋದೆ.

ಚಾಚಾ ಮೀನು ಮಾರಲು ಕೂತವರಂತೆ ಇರಲಿಲ್ಲ, ಮಾರದಿರಲು ಕೂತವರಂತೆ ಇದ್ದರು. ಗೋಲ್ಡ್ ಫಿಶ್ ಕೇಳಿದೆ. "ಅದಕ್ಕ ನೀರು ತಂಪಿರಬೇಕು, ಫೈಟರ್‌ಗ ಬೆಚ್ಚಗಿರಬೇಕು. ಫ್ಯಾನಿನ ಸಲುವಾಗಿ ಗಂಡ ಹೆಂಡ್ತಿ ಜಗಳ ಆಡಿದಂಗ ಆಗ್ತದ" ಎಂದರು. ಗಪ್ಪಿ ತೋರಿಸಿದೆ. "ಬಾಲ ಭಾಳ ಚಂದ ಅದ. ಅದೇ ತಕರಾರು. ಮತ್ತೊಬ್ರು ಚಂದ ಇದ್ರ ಫೈಟರ್ ಸಹಿಸಂಗಿಲ್ಲ." ಪಟ್ಟೆಯ ಟೈಗರ್ ಬಾರ್ಬ್ ಕಡೆ ನನ್ನ ಬೆರಳು ಏಳುವಷ್ಟರಲ್ಲೇ "ತೋಬಾ!" ಎಂದು ಗಲ್ಲ ಬಡಿದುಕೊಂಡರು. ಕೊನೆಗೆ ಅವರೇ ತೀರ್ಮಾನ ಕೊಟ್ಟರು: "ಶನಿವಾರ ಮನ್ಯಾಗಿನವರನ್ನ ಕರ್ಕೊಂಡು ಬರ್ರಿ ಸಾಹೇಬ್ರ. ಸ್ವಭಾವ ನೋಡೇ ಕೊಡ್ತೀನಿ."

ಮನ್ಯಾಗಿನವರು ಎಂದರೆ ನಮ್ಮ ಕಡೆ ಹೆಂಡತಿ. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವಳನ್ನು ಉಣ್ಣಲೂ ಬಿಡದೆ ಬಸ್ಸು ಹತ್ತಿಸಿದೆ.

"ಮೀನು ತರ್ಲಾಕ ನಾ ಯಾಕ್ರೀ?"

"ನಿನ್ನ ಸ್ವಭಾವ ನೋಡಬೇಕಂತ."

ದಾರಿಯ ಮಹಾಗಾಂವ ದಾಟುವವರೆಗೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಚಾಚಾ ಅವಳಿಗೆ ಸ್ಟೂಲು ಕೊಟ್ಟರು. ನನ್ನ ಎರಡೂ ಕೈ ನೋಡಿದರು, ಬಗ್ಗಿ ಬೆನ್ನ ಹಿಂದೆಯೂ ನೋಡಿದರು.

"ಮೀನು ಎಲ್ಲದ?"

"ನೀವು ಮನ್ಯಾಗಿನವರನ್ನ ಅಂದ್ರಲ್ಲ..."

"ಅರೇ ಅಲ್ಲಾ! ತೊಟ್ಟಿ ಮನ್ಯಾಗಿನವರು ಸಾಹೇಬ್ರ! ನಾ ಅಂದದ್ದು ಆ ಫೈಟರ್‌ನ..." ಹೆಂಡತಿಯ ಮುಖ ಕಂಡು ಅವರು ಅಲ್ಲಿಗೇ ನಿಲ್ಲಿಸಿದರು.

ಮೊದಲು ನಕ್ಕವಳು ಅವಳೇ. ಬಂದದ್ದಾಯಿತಲ್ಲ ಎಂದು ಮೀನಿನ ಸ್ವಭಾವವನ್ನೂ ಅವಳೇ ಹೇಳಿದಳು: "ಕನ್ನಡಿ ಹಿಡಿದ್ರ ಮೈ ಉಬ್ಬಿಸಿ ಐದು ನಿಮಿಷ ಹಾರಾಡ್ತದ್ರೀ ಚಾಚಾ. ಆಮ್ಯಾಲ ದಣಿದು ಮೂಲ್ಯಾಗ ಕೂಡ್ತದ. ಕಚ್ಚೋದು ಗಿಚ್ಚೋದು ಏನಿಲ್ಲ."

"ಇದು ಮೀನಿನ ಸುದ್ದಿಯೋ, ಸಾಹೇಬ್ರದೋ?"

"ಇಬ್ರದೂ ಒಂದೇ ತಿಳ್ಕೋರಿ."

ಅಷ್ಟಕ್ಕೇ ಸಂಬಂಧ ಕುದುರಿತು. ಆರು ಕೋರಿ ಮೀನುಗಳು. ಬೆರಳ ತುದಿಯಷ್ಟು ಮೈ, ಅದಕ್ಕೆ ಮೀಸೆ ಬೇರೆ. ತಳದ ಮರಳು ಕೆದಕಿಕೊಂಡು ತಮ್ಮ ಪಾಡಿಗೆ ಇರುವವು. ಫೈಟರ್ ಮಹಡಿಯಲ್ಲಿ, ಇವು ನೆಲದಲ್ಲಿ. ಎರಡು ಸಾಕು ಎಂದರೆ ಚಾಚಾ ಕೇಳಲಿಲ್ಲ. "ಗುಂಪಿದ್ರೇ ಇವಕ್ಕ ಧೈರ್ಯ. ಒಯ್ರಿ. ಹದಿನೈದು ದಿನ ಬಿಟ್ಟು ಹೆಂಗದಾವ ಅಂತ ಬಂದು ಹೇಳ್ರಿ."

ಮರುದಿನವೇ ಫೋನು ಮಾಡಿದೆ. "ಚಾಚಾ, ಉಸಿರಿಗಿ ಮ್ಯಾಲ ಓಡಿ ಓಡಿ ಬರ್ಲಾಕತ್ಯಾವ!" "ಅದು ಅವುಗಳ ಆದತ್ತು, ಚಾಳಿ. ನೀವೂ ಒಂಚೂರು ಉಸಿರು ತಗೋರಿ" ಎಂದರು. ಆ ವಾರ ಇನ್ನೂ ಮೂರು ಸಲ ಮಾಡಿದೆ. ಮೂರು ಸಲವೂ ಏನೂ ಆಗಿರಲಿಲ್ಲ.

ಫೈಟರ್ ಒಂದು ಸಲ ಮೈ ಉಬ್ಬಿಸಿ, ಯಾರೂ ತಲೆ ಎತ್ತಿ ನೋಡದ್ದರಿಂದ ಸುಮ್ಮನಾಯಿತು. ಮಗಳು ಆರಕ್ಕೂ ಹೆಸರಿಟ್ಟಳು. ಆದರೆ ಆರೂ ಒಂದೇ ಥರ. ಯಾವುದು ಯಾವುದೆಂದು ಇತ್ಯರ್ಥ ಮಾಡಲು ಒಂದು ಸಂಜೆ ತರಗತಿಯ ಇಬ್ಬರು ಹುಡುಗಿಯರನ್ನು ಕರೆತಂದಳು. ಒಮ್ಮತಕ್ಕೆ ಬರಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ... ಹೆಂಡತಿ ಸಂಜೆಗೆ ಚುರುಮುರಿ ಹೆಚ್ಚು ಕಲಸತೊಡಗಿದಳು.

ನನ್ನ ಫೋನು ನಿಂತಿತು. ಹದಿನೈದು ದಿನವಾಯಿತು, ತಿಂಗಳಾಯಿತು, ನಾಲ್ಕು ತಿಂಗಳಾಯಿತು. ಒಂದು ಮೀನಿಗೆ ಜ್ವರ ಬಂದಿದ್ದರೂ ಅರ್ಧ ದಿನ ರಜೆ ಹಾಕಿ ಓಡುತ್ತಿದ್ದೆ. ಎಲ್ಲ ಸರಿ ಇದ್ದಾಗ ಏನೆಂದು ಹೋಗುವುದು? ಮೀನಿನ ಆಹಾರ ಮುಗಿದು ಕೊನೆಗೆ ಹೋದ ದಿನ, ಆ ಅಂಗಡಿಯಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಕೂತವನನ್ನು ಕೇಳಿದೆ. "ಚಾಚಾ? ಗುಜರ್ ಗಯೇ ಸಾಬ್. ತೀರಿಕೊಂಡು ಎರಡು ತಿಂಗಳಾತು" ಎಂದ.

ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಆ ಮೀನುಗಳೆಲ್ಲ ತಮ್ಮ ಆಯಸ್ಸು ತೀರಿಸಿ ಹೋದವು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ಎಲ್ಲಾ ಚಲೋ ಅದಾವ ಚಾಚಾ ಎಂದು ಹೇಳಲು ನಾನು ಹೋಗಲಿಲ್ಲ.