ಪರದೆಯ ಎಡಗಡೆ

ಜನವರಿಯ ಕೊನೆಯಲ್ಲಿ ಒಂದು ಗಬ್ಬದ ಹಸು ನನ್ನನ್ನು ಬೇಲಿಗೆ ಒತ್ತಿ ಬಲಗಾಲು ಮುರಿಯಿತು. ಎಂಟು ವಾರ ಕೂತಿರಬೇಕು ಎಂದರು ಡಾಕ್ಟರು. ಮೊದಲ ವಾರವೆಲ್ಲ ಅಡುಗೆಮನೆಯ ಕಿಟಕಿಯಲ್ಲಿ ಕೂತು ಎಲ್ಲರಿಗೂ ಬೈದೆ. ಹುಲ್ಲು ಹಾಕಿದ್ದು ಸರಿಯಿಲ್ಲ, ಗೇಟು ಮುಚ್ಚಿಲ್ಲ, ತೊಟ್ಟಿಯ ಮೇಲಿನ ಮಂಜುಗಡ್ಡೆ ಒಡೆದಿಲ್ಲ. ಎಂಟನೆಯ ದಿನ ನನ್ನ ಹೆಂಡತಿ ಕಾನಿ ನನ್ನನ್ನು ಪಿಕಪ್ಪಿಗೆ ಹತ್ತಿಸಿ, ಅಂಗಳ ದಾಟಿಸಿ, ಕಾಟನ್‌ವುಡ್ ಮರಗಳ ಹಿಂದಿರುವ ತಗಡಿನ ಮನೆಯ ಬಾಗಿಲಲ್ಲಿ ಇಳಿಸಿದಳು.

“ಡೆಲ್ಬರ್ಟ್, ಇವನನ್ನ ಸಂಜೆ ತನಕ ಇಟ್ಕೋ. ಕೂಗಾಡಿದ್ರೆ ಟಿವಿ ಜೋರು ಮಾಡು.”

“ಊಟ ಹಾಕ್ಬೇಕಾ?” ಎಂದ ಒಳಗಿನಿಂದ ಡೆಲ್ಬರ್ಟ್.

“ಹಾಕಿದ್ರೆ ಹಾಕು, ಬಿಟ್ರೆ ಬಿಡು.”

ಡೆಲ್ಬರ್ಟ್ ವೀಸ್ನರ್‌ಗೆ ಎಪ್ಪತ್ತೊಂಬತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಜೀನು, ಒಂದು ಸುರುಳಿ ಹಾಸಿಗೆ ಹೊತ್ತು ನನ್ನಪ್ಪನ ಹತ್ತಿರ ಕೆಲಸ ಕೇಳಿಕೊಂಡು ಬಂದವನು, ವಾಪಸ್ಸು ಹೋಗಲಿಲ್ಲ. ನೆಬ್ರಾಸ್ಕದ ಈ ಮರಳುಗುಡ್ಡಗಳಲ್ಲಿ ಅವನ ಹೆಸರಲ್ಲಿ ಒಂದು ಅಂಗುಲ ನೆಲವಿಲ್ಲ. ಆದರೂ ನಮ್ಮ ಈ ದನದ ರಾಂಚಿನ ಯಾವ ಬೇಲಿಯ ಕಂಬ ಯಾವ ವರ್ಷ ನೆಟ್ಟದ್ದು ಎಂದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಹೆಂಡತಿ ಐಡಾ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ನನ್ನಪ್ಪನಿಗೆ ತಾಳ್ಮೆ ಇರಲಿಲ್ಲ, ಆ ಗುಣ ನನಗೂ ಬಂದಿದೆ. ಹಾಗಾಗಿ ಕುದುರೆ ಹತ್ತುವುದು, ಹಗ್ಗ ಎಸೆಯುವುದು, ಕರು ಅಡ್ಡ ಬಂದಾಗ ಹಸುವಿನ ಒಳಗೆ ಕೈ ಹಾಕುವುದು, ಇದನ್ನೆಲ್ಲ ನನಗೆ ಕಲಿಸಿದವನು ಡೆಲ್ಬರ್ಟ್. ಶಾಲೆಯಲ್ಲಿ ನಾನು ಕಲಿತದ್ದು ಕಡಿಮೆ, ಬಿಟ್ಟದ್ದೂ ಬೇಗ.

ದಿನಾ ನಾಲ್ಕು ಗಂಟೆಗೆ ಒಂದು ಚಾನೆಲ್ಲಿನಲ್ಲಿ ಹಳೆಯ ಕೌಬಾಯ್ ಧಾರಾವಾಹಿಗಳು ಬರುತ್ತವೆ. ಕಪ್ಪು-ಬಿಳುಪು. ಚಿಕ್ಕಂದಿನಲ್ಲಿ ಇವನ್ನೇ ನಾನು ಆಳುಗಳ ಕೋಣೆಯ ನೆಲದ ಮೇಲೆ ಕೂತು, ಇದೇ ಡೆಲ್ಬರ್ಟನ ಬೂಟಿಗೆ ಒರಗಿಕೊಂಡು ನೋಡುತ್ತಿದ್ದೆ. ಆಗ ನನಗೆ ಬೇಕಿದ್ದದ್ದು ಪಿಸ್ತೂಲಿನ ಜಗಳ ಒಂದೇ. ಡೆಲ್ಬರ್ಟ್ ಮಾತ್ರ ನಗುತ್ತಿದ್ದ. ಆರು ಗುಂಡಿನ ಪಿಸ್ತೂಲಲ್ಲಿ ಒಂಬತ್ತು ಸಲ ಹೊಡೆದ ನೋಡು ಅನ್ನುತ್ತಿದ್ದ. ಗುಡ್ಡ ಹತ್ತಿದ್ದು ಕಂದು ಕುದುರೆ, ಇಳಿದದ್ದು ಕಾಲಲ್ಲಿ ಬಿಳಿ ಇರೋ ಕುದುರೆ ಅನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು.

ಈಗ ಐವತ್ತನಾಲ್ಕರಲ್ಲಿ ಮತ್ತೆ ನೋಡಿದರೆ ಆ ಬಿಳಿ ಅಂಗಿಯ ನಾಯಕನ ಮೇಲೆಯೇ ನನಗೆ ಸಿಟ್ಟು. ವಾರಕ್ಕೊಂದು ಊರು ಸುತ್ತುತ್ತಾನೆ, ಇವನ ದನ ಯಾರು ನೋಡುತ್ತಾರೆ? ಗುಂಡು ಹಾರುವುದಕ್ಕೆ ಮುಂಚೆ ಅಂಗಡಿಯ ಹೆಂಗಸು ಮಕ್ಕಳ ರಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಾಳೆ. ಅದೊಂದು ಗಳಿಗೆಯ ದೃಶ್ಯ. ಚಿಕ್ಕಂದಿನಲ್ಲಿ ಅದು ಇತ್ತೆಂದೇ ನನಗೆ ನೆನಪಿಲ್ಲ. ಈಗ ಜಗಳ ಮುಗಿದ ಮೇಲೂ ಆ ಬಾಗಿಲು ತೆರೆಯುತ್ತದೋ ಇಲ್ಲವೋ ಎಂದು ಕಾಯುತ್ತೇನೆ.

ಎರಡನೆಯ ವಾರ ಒಂದು ಸಂಗತಿ ಗಮನಕ್ಕೆ ಬಂತು. ಡೆಲ್ಬರ್ಟ್ ತನ್ನ ಕುರ್ಚಿಯನ್ನು ಓರೆಯಾಗಿ ಹಾಕಿಕೊಂಡಿದ್ದ, ಟಿವಿ ತನ್ನ ಬಲಕ್ಕೆ ಬರುವ ಹಾಗೆ. ನನಗೆ ವಕ್ರ ಕಂಡರೆ ಆಗುವುದಿಲ್ಲ. ಊರುಗೋಲಿನಿಂದ ತಳ್ಳಿ ನೆಟ್ಟಗೆ ಮಾಡಿದೆ. ಅವತ್ತಿನ ಕಥೆಯಲ್ಲಿ ಒಬ್ಬ ಕಳ್ಳ ಪರದೆಯ ಎಡಗಡೆಯ ಲಾಯದಿಂದ ಹೊರಬಂದು, ನಿಧಾನವಾಗಿ ಬೀದಿಗೆ ಇಳಿದ.

“ಬಂದ ನೋಡು,” ಎಂದೆ.

“ಯಾರು?”

ನಾನು ತಮಾಷೆ ಅಂದುಕೊಂಡೆ. ಗುಂಡು ಹಾರಿತು. ಡೆಲ್ಬರ್ಟ್ ಬೆಚ್ಚಿದ, ಕಾಫಿ ತೊಡೆಯ ಮೇಲೆ ಚೆಲ್ಲಿತು.

ಅವತ್ತಿನಿಂದ ನಾನು ಟಿವಿಗಿಂತ ಹೆಚ್ಚಾಗಿ ಅವನನ್ನು ನೋಡಿದೆ. ಎಡಕ್ಕೆ ಇಟ್ಟ ಲೋಟವನ್ನು ಕೈಯಿಂದ ತಡವುತ್ತಿದ್ದ. ತಟ್ಟೆಯ ಎಡಭಾಗದ ಬೀನ್ಸು ಹಾಗೇ ಉಳಿಯುತ್ತಿತ್ತು. ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ತಲೆ ತಿರುಗಿ ಕೂತುಬಿಟ್ಟಿದ್ದ, “ತಿಂಡಿ ತಿಂದಿರ್ಲಿಲ್ಲ” ಎಂದಿದ್ದ. ಅದು ಹಸಿವಲ್ಲ. ಅವನ ತಲೆಯೊಳಗೆ ಏನೋ ಆಗಿತ್ತು, ಎಡಗಡೆಯ ಲೋಕ ಅವತ್ತೇ ಆರಿಹೋಗಿತ್ತು.

ಗೋಡೆಯ ಕ್ಯಾಲೆಂಡರಿನಲ್ಲಿ ವಾರಗಳನ್ನು ಎಣಿಸಿದೆ. ಯಾಕೆಂದರೆ ಮೇ ತಿಂಗಳ ಮೊದಲ ಶನಿವಾರ ನಮ್ಮ ಮನೆಯಲ್ಲಿ ಕರುಗಳಿಗೆ ನಮ್ಮ ಗುರುತಿನ ಬರೆ ಹಾಕುವ ದಿನ.

ಆ ದಿನ ಸುತ್ತಲ ಹನ್ನೆರಡು ಮನೆಯವರು ಬರುತ್ತಾರೆ. ಕೂಲಿ ಇಲ್ಲ, ಊಟ ಇದೆ. ಮುಂದಿನ ವಾರ ನಾವು ಅವರ ಮನೆಗೆ. ಕುದುರೆ ಮೇಲೆ ಕೂತು ಹಗ್ಗ ಎಸೆದು, ಕರುವಿನ ಹಿಂಗಾಲು ಹಿಡಿದು, ಬೆಂಕಿಯ ಹತ್ತಿರಕ್ಕೆ ಎಳೆದು ತರುವವರು ನಾಲ್ಕೇ ಜನ. ಉಳಿದವರು ನೆಲದ ಮೇಲೆ ಕರು ಕೆಡವಿ ಹಿಡಿಯಬೇಕು, ಲಸಿಕೆಯ ಸೂಜಿ ಚುಚ್ಚಬೇಕು, ಬರೆ ಹಾಕಬೇಕು. ಹಗ್ಗ ಯಾರಿಗೆ ಎಂದು ಮನೆಯ ಯಜಮಾನ ದೊಡ್ಡಿಯ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾನೆ. ಅದು ಮರ್ಯಾದೆ. ನನಗೆ ಕೊಡಿ ಎಂದು ಯಾರೂ ಕೇಳುವುದಿಲ್ಲ, ಕರೆದ ಮೇಲೆ ಬೇಡ ಎಂದು ಯಾರೂ ಅನ್ನುವುದಿಲ್ಲ. ಪಕ್ಕೆಲುಬು ಮುರಿದವನೊಬ್ಬ ಕರೆದರೆಂದು ಕುದುರೆ ಹತ್ತಿ ಮೂರ್ಛೆ ಹೋದದ್ದನ್ನು ನಾನೇ ನೋಡಿದ್ದೇನೆ. ನಮ್ಮ ದೊಡ್ಡಿಯಲ್ಲಿ ಮೊದಲ ಹೆಸರು ಡೆಲ್ಬರ್ಟನದು. ನನ್ನಪ್ಪ ಕರೆದ, ಅಪ್ಪನ ನಂತರ ನಾನು ಕರೆದೆ.

ಹಗ್ಗವನ್ನು ಜೀನಿನ ಮುಂಭಾಗದ ಕೊಂಬಿಗೆ ಸುತ್ತುವಾಗ ಬೆರಳು ನಡುವೆ ಸಿಕ್ಕರೆ ಬೆರಳು ಹೋಯಿತು. ಅದು ಅವನ ಬೆರಳು, ಅವನ ಪಾಡು. ಆದರೆ ಕುದುರೆಯ ಎಡಕ್ಕೆ ನೆಲದ ಮೇಲೆ ಬಗ್ಗಿರುವವರು ಇಪ್ಪತ್ತು ಜನ. ಅವರಲ್ಲಿ ನನ್ನ ಮಗಳು ಡಾರ್ಲಾ ಒಬ್ಬಳು. ಹತ್ತೊಂಬತ್ತು ವರ್ಷ, ನನ್ನ ಹಾಗೆಯೇ ಮೂಗಿನ ತುದಿಯಲ್ಲಿ ಕೋಪ.

ಕಾನಿಗೆ ಹೇಳಿದೆ.

“ಅವನಿಗೆ ಹೇಳು,” ಎಂದಳು.

“ಏನಂತ?”

“ನಿನಗೆ ಕಣ್ಣು ಕಾಣಲ್ಲ, ಈ ಸಲ ಬೇಡ ಅಂತ.”

“ಅದನ್ನ ಬಾಯಲ್ಲಿ ಹೇಳೋದಾ?”

“ಮತ್ತೆ ಮೂಗಲ್ಲಿ ಹೇಳ್ತೀಯಾ? ನಮ್ಮನ್ನೆಲ್ಲ ಬೈಯೋವಾಗ ಬಾಯಿ ಇತ್ತಲ್ಲ ನಿನಗೆ.”

ಮಾರ್ಚ್‌ನಲ್ಲಿ ಒಂದು ಕಥೆ ಬಂತು. ಊರಿನ ಷೆರಿಫನ ಕೈಕೆಳಗೆ ಒಬ್ಬ ಮುದುಕ. ಕೈ ನಡುಗುತ್ತದೆ. ಷೆರಿಫ್ ಜೈಲಿನ ಮುಂದೆ, ನಾಲ್ಕು ಜನರ ಎದುರಿಗೆ, ಅವನ ಎದೆಯ ನಕ್ಷತ್ರದ ಬಿಲ್ಲೆ ಬಿಚ್ಚಿಸಿ ಒಬ್ಬ ತರುಣನಿಗೆ ಕೊಡುತ್ತಾನೆ. ಚಿಕ್ಕಂದಿನಲ್ಲಿ ಇದನ್ನು ನೋಡಿ ನಾನು ಚಪ್ಪಾಳೆ ಹೊಡೆದಿದ್ದೆ, ಸದ್ಯ ಇನ್ನು ಜಗಳ ಶುರುವಾಗುತ್ತದೆ ಎಂದು. ಆಮೇಲಿನದು ಮರೆತೇ ಹೋಗಿತ್ತು. ಮುದುಕ ಕುದುರೆ ನೀರು ಕುಡಿಯುವ ತೊಟ್ಟಿಗೆ ಹೋಗಿ ಮುಖ ತೊಳೆಯುತ್ತಾನೆ, ಬಹಳ ಹೊತ್ತು, ಸುಮ್ಮನೆ ಮುಖ ತೊಳೆಯುತ್ತಲೇ ಇರುತ್ತಾನೆ. ಪಕ್ಕದಲ್ಲಿ ಒಂದು ಕುದುರೆ ಕಿವಿ ಆಡಿಸುತ್ತಾ ನಿಂತಿರುತ್ತದೆ.

“ಷೆರಿಫ್ ಹೇಡಿ ನನ್ಮಗ,” ಎಂದು ಟಿವಿಗೆ ಬೈದೆ. “ಒಳಗೆ ಕರೆದು ಹೇಳ್ಬಾರ್ದಿತ್ತಾ?”

“ಆ ಮುದುಕ ತಾನಾಗೇ ಬಿಚ್ಚಿ ಕೊಡಬಹುದಿತ್ತು,” ಎಂದ ಡೆಲ್ಬರ್ಟ್.

“ಯಾಕೆ ಕೊಡ್ತಾನೆ?”

“ಅದೇ. ಕೇಳೋ ತನಕ ಕಾದ.”

ಮಾತಿಗೆ ಬಾಗಿಲು ತೆರೆದೇ ಇತ್ತು, ನಾನು ಕಾಲಿಡಬೇಕಿತ್ತು ಅಷ್ಟೆ. ಅಷ್ಟರಲ್ಲಿ ಮಂಡಿನೋವಿನ ಮುಲಾಮಿನ ಜಾಹೀರಾತು ಬಂತು. “ಕಾಫಿ ಇದೆಯಾ?” ಎಂದೆ. ಅವನು ಎದ್ದು ಹೋಗಿ ತಂದ.

ಏಪ್ರಿಲ್ ತುಂಬ ನಿದ್ದೆ ಕೆಟ್ಟೆ. ಕಾಲಿನ ಕಟ್ಟು ಬಿಚ್ಚಿದ್ದರು, ಕುಂಟುತ್ತಿದ್ದೆ. ದಿನಾ ನಾಲ್ಕಕ್ಕೆ ಹೇಳಬೇಕೆಂದು ಹೋಗುವುದು, ಐದಕ್ಕೆ ಹೇಳದೆ ಬರುವುದು. ಡಾರ್ಲಾಗೆ ಈ ಸಲ ಅಡುಗೆಮನೆಯಲ್ಲಿ ಇರು ಎಂದೆ. “ಅಪ್ಪ, ಯಾವ ಕಾಲದಲ್ಲಿದ್ದೀಯಾ?” ಎಂದು ಬಾಗಿಲು ಬಡಿದು ಹೋದಳು. ಕಾರಣ ಅವಳಿಗೂ ಹೇಳಲಿಲ್ಲ. ಹೇಳಿದರೆ ಊರಿಗೆಲ್ಲ ಹೇಳಿದಂತೆ.

ಶನಿವಾರ ಬಂತು. ತಾಯಿಹಸುಗಳಿಂದ ಬೇರೆ ಮಾಡಿದ ಕರುಗಳ ಅರಚಾಟಕ್ಕೆ ಪಕ್ಕದವನ ಮಾತು ಕೇಳದು. ಎಲ್ಲರೂ ಕುದುರೆ ಮೇಲೆ ದೊಡ್ಡಿಯ ಸುತ್ತ ನಿಂತಿದ್ದರು, ಮುಖ ನನ್ನ ಕಡೆ. ಡೆಲ್ಬರ್ಟ್ ತನ್ನ ಹಳೆಯ ಕಂದು ಹೆಣ್ಣುಕುದುರೆ ಜುನಿಪರ್ ಮೇಲೆ ಕೂತಿದ್ದ. ಹ್ಯಾಟಿನ ಧೂಳು ಒರೆಸಿಕೊಂಡು ಬಂದಿದ್ದ. ಮುಖ ಸ್ವಲ್ಪ ಎಡಕ್ಕೆ ತಿರುಗಿತ್ತು. ನಾನು ಎಲ್ಲ ಯೋಚಿಸಿಟ್ಟುಕೊಂಡಿದ್ದೆ. ಮೊದಲು ಪಕ್ಕದ ರಾಂಚಿನ ಮಾರ್ವ್ ಜೆನ್ಸನ್‌ನನ್ನು ಕರೆಯುವುದು, ಆಮೇಲೆ ಇನ್ನು ಮೂವರು, ಆಮೇಲೆ ಡೆಲ್ಬರ್ಟ್‌ಗೆ ಸೂಜಿಯ ಕೆಲಸ. ಬಾಯಿ ತೆರೆದೆ.

“ಡೆಲ್ಬರ್ಟ್,” ಎಂದಿತು ಬಾಯಿ.

ಔಷಧಿ ಬಾಟಲಿಗಳ ಮೇಜಿನ ಹತ್ತಿರ ನಿಂತಿದ್ದ ಕಾನಿ ತಲೆ ತಗ್ಗಿಸಿದಳು. ಡೆಲ್ಬರ್ಟ್ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಹಗ್ಗ ಬಿಚ್ಚಿಕೊಂಡು ಒಳಗೆ ನಡೆದ.

ಬರೆಯ ಕಬ್ಬಿಣ ಹಿಡಿಯುವುದು ಯಜಮಾನನ ಕೆಲಸ. ಅದನ್ನು ಮಾರ್ವ್‌ನ ತಮ್ಮನ ಕೈಗೆ ಕೊಟ್ಟು ನಾನು ಜುನಿಪರ್‌ನ ಎಡಕ್ಕೆ ಕುಂಟುತ್ತಾ ನಡೆದೆ. ಅದು ಹೋದಲ್ಲಿ ನಾನೂ ಹೋದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು.

“ಏನು ರಾಯ್ಸ್, ಮದುವೆ ಮೆರವಣಿಗೆನಾ?” ಎಂದು ಮಾರ್ವ್ ಕುದುರೆ ಮೇಲಿಂದ ಕೂಗಿದ. “ಮುದುಕಪ್ಪನಿಗೆ ಹೂ ಮುಡಿಸೋದು ಮರ್ತಿದ್ದೀಯ.”

“ನಿನ್ನ ಕೆಲಸ ನೋಡ್ಕೋ.”

ಡೆಲ್ಬರ್ಟ್ ಹನ್ನೊಂದು ಕರುಗಳನ್ನು ತಂದ. ಹನ್ನೊಂದರದ್ದೂ ಎರಡೂ ಹಿಂಗಾಲು ಹಗ್ಗಕ್ಕೆ ಸಿಕ್ಕಿದ್ದವು. ನೋಡಿದವರು ಅವನ ಕಣ್ಣಿಗೆ ಏನೋ ಆಗಿದೆ ಎಂದು ನಂಬುತ್ತಿರಲಿಲ್ಲ. ಕೈಗೆ ಗೊತ್ತಿತ್ತು, ಕುದುರೆಗೆ ಗೊತ್ತಿತ್ತು. ನನಗೆ ಸ್ವಲ್ಪ ಉಸಿರು ಬಂತು.

ಹನ್ನೆರಡನೆಯದು ಬಲಿತ ಗಂಡುಕರು. ಹಗ್ಗಕ್ಕೆ ಒಂದೇ ಕಾಲು ಸಿಕ್ಕಿತು. ಅದು ಹಿಂದೆ ಎಳೆಸಿಕೊಳ್ಳುವ ಬದಲು ಮುಂದಕ್ಕೆ ನೆಗೆದು, ಜುನಿಪರ್‌ನ ಎಡಗಡೆಯಿಂದ ಓಡಿತು. ಬಿಗಿದ ಹಗ್ಗ ಅದರ ಹಿಂದೆ ನೆಲದಿಂದ ಎರಡಡಿ ಎತ್ತರದಲ್ಲಿ ಗರಗಸದಂತೆ ತಿರುಗಿತು. ಆ ದಾರಿಯಲ್ಲಿ ಡಾರ್ಲಾ ಇನ್ನೊಂದು ಕರುವಿನ ಕುತ್ತಿಗೆಯ ಮೇಲೆ ಮಂಡಿಯೂರಿ, ನಮಗೆ ಬೆನ್ನು ಹಾಕಿ ಬಗ್ಗಿದ್ದಳು. ನಾನು ಓಡಿದೆ. ಕಾಲು ಮಡಚಿಕೊಂಡಿತು. ಬೀಳುತ್ತಾ ಕೂಗಿದೆ: “ಎಡಗಡೆ, ಬಿಡು.”

ಡೆಲ್ಬರ್ಟ್ ತಿರುಗಿ ನೋಡಲಿಲ್ಲ. ನೋಡಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು. ಬರಿದೇ ಬೆರಳು ಬಿಚ್ಚಿದ. ಜೀನಿನ ಕೊಂಬಿನ ಸುತ್ತು ಸರ್ರನೆ ಕಳಚಿತು, ಹಗ್ಗ ಸಡಿಲಾಗಿ ಧೂಳಿಗೆ ಬಿತ್ತು, ಅದರ ತುದಿ ಹಾರಿ ಡಾರ್ಲಾಳ ಹ್ಯಾಟನ್ನು ಕೆಡವಿಕೊಂಡು ಹೋಯಿತು. ಯಾರು ತನ್ನ ಹ್ಯಾಟಿಗೆ ಹೊಡೆದರು ಎಂದು ಅವಳು ಸಿಟ್ಟಿನಿಂದ ತಿರುಗಿದಳು.

“ಕರು ಹಗ್ಗ ದಾನ ತಗೊಂಡು ಹೋಯ್ತಲ್ಲಪ್ಪ,” ಎಂದ ಮಾರ್ವ್. ಎಲ್ಲರೂ ನಕ್ಕರು. ಏನಾಗಬಹುದಿತ್ತು ಎಂದು ಗೊತ್ತಿದ್ದವರು ನಾನು, ಡೆಲ್ಬರ್ಟ್, ಕಾನಿ, ಮೂರೇ ಜನ.

ಡೆಲ್ಬರ್ಟ್ ನಿಧಾನವಾಗಿ ಕುದುರೆಯಿಂದ ಇಳಿದ. ಡಾರ್ಲಾ ಕರುವಿನ ಕಾಲಿಂದ ಹಗ್ಗ ಬಿಡಿಸಿ ತಂದಳು.

“ತಗೋ ತಾತ.”

“ನೀನೇ ಇಟ್ಕೋ. ಕುದುರೆನೂ ಹತ್ತು. ಜುನಿಪರ್‌ಗೆ ಕೆಲಸ ಗೊತ್ತು, ನೀನು ಅಡ್ಡ ಬರ್ಬೇಡ ಅಷ್ಟೇ.”

ಡಾರ್ಲಾ ನನ್ನ ಮುಖ ನೋಡಿದಳು. ಹೆಸರು ಕರೆಯಬೇಕಾದವನು ನಾನು. ಧೂಳಿನಲ್ಲಿ ಕೂತೇ ತಲೆಯಾಡಿಸಿದೆ. ಡೆಲ್ಬರ್ಟ್ ನಡೆದುಹೋಗಿ ಕಾನಿಯ ಕೈಯಿಂದ ಸೂಜಿ ತೆಗೆದುಕೊಂಡ.

“ನನ್ನ ಎಡಕ್ಕೆ ನಿಲ್ಬೇಡಮ್ಮ, ಚುಚ್ಚಿಬಿಡ್ತೀನಿ,” ಎಂದ.

ಊಟಕ್ಕೆ ಎಲ್ಲರೂ ಉದ್ದದ ಮೇಜುಗಳಿಗೆ ಕೂತಾಗ ನಾನು ಅವನ ಪಕ್ಕ ಕೂತೆ. ಹೆದರಿಕೆಯೆಲ್ಲ ಸಿಟ್ಟಾಗಿ ಹೊರಗೆ ಬಂತು.

“ಕಾಣಲ್ಲ ಅಂತ ಗೊತ್ತಿದ್ದೂ ಯಾಕೆ ಬಂದೆ?”

“ನೀನು ಕರೆದೆ.”

“ಬೇಡ ಅನ್ನೋಕೆ ಬಾಯಿರ್ಲಿಲ್ವಾ?”

“ಕರೆಯದೇ ಇರೋಕೆ ನಿನಗೆ ಏನಾಗಿತ್ತು?” ಮಾಂಸದ ತುಂಡು ಕತ್ತರಿಸುತ್ತಾ ಅಂದ. “ಚಳಿಗಾಲವೆಲ್ಲ ಟಿವಿ ಬಿಟ್ಟು ನನ್ನ ಮುಖ ನೋಡ್ತಿದ್ದೆ. ನನಗೆ ಕಾಣದೇ ಇರೋದು ಎಡಗಡೆ. ನೀನು ಕೂತಿದ್ದು ಬಲಗಡೆ ಕಣೋ. ಈ ಸಲ ಇವನು ಕರೆಯಲ್ಲ, ನಾನೇನೂ ಹೇಳೋದು ಬೇಕಿಲ್ಲ ಅಂತ ಬೆಳಿಗ್ಗೆ ನಿಶ್ಚಿಂತೆಯಿಂದ ಎದ್ದಿದ್ದೆ. ನೀನು ಬಾಯಿ ಬಿಟ್ಟೆ.”

ಎದುರಿನ ಮೇಜಿನಲ್ಲಿ ಡಾರ್ಲಾ, ಅಂಚು ಮುರಿದ ಹ್ಯಾಟು ಹಾಕಿಕೊಂಡು, ಬಾಯಿ ತುಂಬ ಆ್ಯಪಲ್ ಪೈ ತುಂಬಿಕೊಂಡು ಮಾರ್ವ್‌ಗೆ ಏನೋ ಹೇಳಿ ನಗುತ್ತಿದ್ದಳು. ಫೋರ್ಕನ್ನು ತಟ್ಟೆಯಲ್ಲಿಟ್ಟೆ.

ನಾಲ್ಕು ಗಂಟೆಗೆ ತಗಡಿನ ಮನೆಗೆ ಹೋದೆ. ಅವನ ಕುರ್ಚಿಯನ್ನು ಮೊದಲಿದ್ದ ಹಾಗೆ ಓರೆ ಮಾಡಿ, ನನ್ನದನ್ನು ಅವನ ಎಡಕ್ಕೆ ಎಳೆದುಕೊಂಡು ಕೂತೆ.

“ಲಾಯದ ಮಾಡಿನ ಮೇಲೆ ಒಬ್ಬ ಇದ್ದಾನೆ,” ಎಂದೆ.

“ಹ್ಯಾಟು?”

“ಕಪ್ಪು.”

“ಹಂಗಾದ್ರೆ ಸಾಯ್ತಾನೆ.”

ಬಾಗಿಲ ಪಕ್ಕದ ಮೊಳೆಗೆ ಅವನ ಪಿಕಪ್ಪಿನ ಕೀಲಿ ನೇತಾಡುತ್ತಿತ್ತು. ಪ್ರತಿ ಮಂಗಳವಾರ ಹದಿನೆಂಟು ಮೈಲಿ ಓಡಿಸಿಕೊಂಡು ಪೇಟೆಗೆ ಹೋಗುತ್ತಾನೆ. ದೊಡ್ಡ ರಸ್ತೆ ಸೇರುವಲ್ಲಿ ಹುಲ್ಲಿನ ಲಾರಿಗಳು ಎಡಗಡೆಯಿಂದ ಬರುತ್ತವೆ. ಚಳಿಗಾಲದಿಂದ ಎಷ್ಟು ಮಂಗಳವಾರ ಕಳೆದವು ಎಂದು ಈಗ ಹೊಳೆಯಿತು. ಮತ್ತೆ ಜಾಹೀರಾತು ಬರುವವರೆಗೆ ಕಾಯಲಿಲ್ಲ.

“ಡೆಲ್ಬರ್ಟ್, ಇನ್ಮೇಲೆ ನೀನು ಗಾಡಿ ಓಡಿಸ್ಬೇಡ. ಮಂಗಳವಾರ ನಾನು ಕರ್ಕೊಂಡು ಹೋಗ್ತೀನಿ.”

ಅವನು ಟಿವಿಯ ದನಿ ಏರಿಸಿದ. ಜಗಳ ಶುರುವಾಯಿತು, ಮುಗಿಯಿತು. ಕಪ್ಪು ಹ್ಯಾಟಿನವನು ಮಾಡಿನಿಂದ ಬಿದ್ದ. ಅಂಗಡಿಯ ಹೆಂಗಸು ಬಾಗಿಲು ತೆರೆದು ಇಣುಕಿದಳು.

“ಪೇಟೆ ಹೋಟೆಲ್ನಲ್ಲಿ ಪೈ ತಿನ್ನೋಕೆ ಅರ್ಧ ಗಂಟೆ ಬೇಕು ನನಗೆ,” ಎಂದ ಕೊನೆಗೆ. “ಹೊರಗೆ ಹಾರ್ನ್ ಹೊಡೀಬಾರ್ದು.”

“ಹೊಡೆಯಲ್ಲ.”

“ಕೀಲಿ ಈಗ್ಲೇ ತಗೊಂಡು ಹೋಗು. ಸೋಮವಾರದ ಹೊತ್ತಿಗೆ ನನ್ನ ಮನಸ್ಸು ಬದಲಾಗುತ್ತೆ.”

ಎದ್ದು ತೆಗೆದುಕೊಂಡೆ.